ಕಾಳು ಬೇಯುವಷ್ಟು ಹೊತ್ತು

೮ ನವೆಂಬರ್ ೧೯೬೪, ರವಿವಾರ. ನಸುಕು

ಕೆಟ್ಟ ಕನಸು. ಹತ್ತಿ ಪೇಟೆಯ ದೊಡ್ಡ ತಕ್ಕಡಿ. ಒಂದು ಪರಡಿಯಲ್ಲಿ ನನ್ನ ಎರಡೂ ನಾಯಿಗಳು, ಇನ್ನೊಂದರಲ್ಲಿ ಹತ್ತಿಯ ಅಂಡಿಗೆ. ಅಂಡಿಗೆಯೇ ಮೇಲೆ ಹೋಯಿತು. ಪೇಟೆಯ ಮಂದಿ ನಕ್ಕರು. ನನ್ನ ಅಪ್ಪನ ತಮ್ಮ ಫಕೀರಪ್ಪ ಕಾಕಾ ನಗಲಿಲ್ಲ. ಎರಡನ್ನೂ ಎತ್ತಿ ಖಾಲಿ ಚಕ್ಕಡಿಗೆ ಹಾಕಿಕೊಂಡು ತನ್ನೂರು ಅಮ್ಮಿನಬಾವಿಯ ದಾರಿ ಹಿಡಿದ. ಕೂಗುತ್ತೇನೆ, ದನಿಯೇ ಇಲ್ಲ. ಕೈಗೆ ರೊಟ್ಟಿ ಹಿಟ್ಟು ಮೆತ್ತಿದೆ, ಬಿಡಿಸಲು ಬರುತ್ತಿಲ್ಲ...

ಎದ್ದು ನೋಡಿದೆ. ಇದ್ದವು. ಬಿಜಲಿ ಕೌದಿಯ ತುದಿಗೆ. ಪೈಲ್ವಾನ ನನ್ನ ಕಾಲ ಮೇಲೆ. ಅವನ ಭಾರಕ್ಕೆ ಕಾಲು ಜೋಮು ಹಿಡಿದಿತ್ತು.

ಕನಸೆಂದು ಬಿಡುವ ಹಾಗೂ ಇಲ್ಲ. ದೀಪಾವಳಿಗೆ ಬಂದ ಕಾಕಾ ಬಿಜಲಿಯ ಬೆನ್ನ ಮೇಲೆ ಕೈ ಆಡಿಸಿ ಅಂದದ್ದು ಕಿವಿಯಲ್ಲೇ ಇದೆ. "ದಾನವ್ವಾ, ನಾ ನಿನಗ ಕೊಟ್ಟಿದ್ದು ಮುಧೋಳ ನಾಯಿ. ಓಡಾಕ ಹುಟ್ಟಿದ ಜಾತಿ. ಪಕ್ಕಡಿ ಎಲುಬು ಕಾಣಬೇಕು, ಸ್ವಾಂಟ ಮುಷ್ಟ್ಯಾಗ ಹಿಡೀಬೇಕು. ನೀ ಏನವ್ವಾ, ಎರಡು ಎಮ್ಮಿ ಕಟ್ಟೀಯಲ್ಲ! ಮಾಘದಾಗ ಹತ್ತಿ ಮಾರಾಕ ಬರತೇನಿ. ಕೆರಿ ದಂಡಿ ಹೊಲದಾಗ ಬಿಟ್ಟು ನೋಡತೇನಿ. ಓಡಿದ್ರ ನಿನ್ನವು. ಇಲ್ಲಾಂದ್ರ ಹೆಂಗೂ ಚಕ್ಕಡಿ ಖಾಲಿ ಇರತೈತಿ, ಹೊಳ್ಳಿ ಒಯ್ಯತೇನಿ."

ಓಡಿಸಬೇಕು, ಖರೆ. ಯಾವಾಗ? ನಸುಕಿಗೆ ಒಲೆ. ಕಾಳು ಬೇಯಬೇಕು. ಬೆಳಗಾದರೆ ರೊಟ್ಟಿ. ಆಮೇಲೆ ಆಫೀಸಿನವರು, ಮಾಸ್ತರರು, ಪೋಸ್ಟಿನವರು — ಎಲ್ಲರಿಗೂ ಬಿಸಿಯದೇ ಬೇಕು. ಮಧ್ಯಾಹ್ನ ಪಾತ್ರೆ, ಪೇಟೆ, ಹಿಟ್ಟಿನ ಗಿರಣಿ. ಮತ್ತೆ ಸಂಜೆಯ ಒಲೆ. ಖಾನಾವಳಿ ನಡೆಸುವವಳು ಗಾಣದ ಎತ್ತು. ಎತ್ತು ಯಾವಾಗ ನಾಯಿ ಓಡಿಸಬೇಕು?

ಯಜಮಾನರು ತೀರಿಕೊಂಡ ಮೇಲೆ, ಬಾಗಿಲ ಅಗಳಿ ಹಾಕಿದೆನೋ ಇಲ್ಲವೋ ಎಂದು ರಾತ್ರಿ ಮತ್ತೆ ಮತ್ತೆ ಏಳುತ್ತಿದ್ದೆ. ನಾಯಿಗಳು ಬಂದ ಮೇಲೆ ಒಂದೇ ಸಲ. ಅವು ಹೋದರೆ...

ಬರೆದರೆ ಚಿಂತೆ ಹಗುರಾಗುತ್ತದೆಂದು ಊಟಕ್ಕೆ ಬರುವ ಯಂಕಣ್ಣ ಮಾಸ್ತರರು ಹೇಳಿದ್ದರು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವರಿಗೆ ಹಗುರಾಗುವುದಿಲ್ಲವೋ ಏನೋ. ಒಂದೇ ಚಿಂತೆ ಎರಡು ಸಲ ಮಾಡಿದ ಹಾಗಾಗುತ್ತದೆ.

ರೊಟ್ಟಿಗೆ ಹೊತ್ತಾಯಿತು.

೧೧ ನವೆಂಬರ್. ಮಧ್ಯಾಹ್ನ

ಪೇಟೆಗೆ ಹೊರಟಾಗ ಎರಡನ್ನೂ ಕರೆದುಕೊಂಡೆ. ಕೆಲಸಕ್ಕೆ ಕೆಲಸ, ಓಟಕ್ಕೆ ಓಟ.

ಕಾಯಿಪಲ್ಲೆ ಸಾಲಿನಲ್ಲಿ ಪೈಲ್ವಾನ ಒಂದು ಬದನೆಕಾಯಿ ರಾಶಿಯ ಮೇಲೆ ಕೂತುಬಿಟ್ಟ. ಬಿಸಿಲಿಗೆ ತಂಪು ಹತ್ತಿತೇನೋ. ಎಳೆದರೂ ಏಳಲೊಲ್ಲ. ಮಾರುವ ಮುದುಕಿ, "ಯವ್ವಾ, ನಿನ್ನ ಕರಾ ಎಬ್ಬಸ!" ಎಂದಳು. ಕರು! ನಾಯಿ ಎನ್ನಲಿಲ್ಲ.

ಅವನು ಕೂತ ಬದನೆಕಾಯಿ ಅಷ್ಟನ್ನೂ ನಾನೇ ಕೊಂಡೆ. ತೊಳೆದೆ. ಮತ್ತೊಮ್ಮೆ ತೊಳೆದೆ. ಉಪ್ಪುನೀರಿನಲ್ಲಿ ಇನ್ನೊಮ್ಮೆ. ರಾತ್ರಿಗೆ ಎಣಗಾಯಿ. ಯಾರಿಗೂ ಹೇಳುವುದಿಲ್ಲ.

ರಾತ್ರಿ — ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಪೋಸ್ಟಿನವರು, "ಇವತ್ತ ಏನೋ ಬ್ಯಾರೇನ ರುಚಿ ಐತ್ರಿ" ಎಂದರು. ಎದೆ ಧಸಕ್ಕೆಂದಿತು.

೧೫ ನವೆಂಬರ್, ರವಿವಾರ

ಮೂಲೆಯ ಮಣೆ ಯಂಕಣ್ಣ ಮಾಸ್ತರರದು. ಸಾಲೆಯಲ್ಲಿ ಲೆಕ್ಕ ಕಲಿಸುತ್ತಾರೆ. ಇವತ್ತು ತಾವೇ ಮುಂದಾದರು. "ನಂದು ಸಾಯ್ಕಲ್ ಐತೆಲ್ರಿ ದಾನವ್ವಾರ. ಹಗ್ಗ ಹಿಡಕೊಂಡು ಧಾರವಾಡ ರಸ್ತಾದಾಗ ಒಂದೀಟು ಓಡಿಸಿಕೊಂಡು ಬರತೇನಿ. ಏನು ಮಹಾ!"

ಹೋದದ್ದು ಸಾಯ್ಕಲ್ ಮೇಲೆ. ಬಂದದ್ದು ಟಾಂಗಾದಲ್ಲಿ. ನಾಯಿಗಳು ಹಿಂದಿನ ಸೀಟಿನಲ್ಲಿ ಸಾಹೇಬರ ಹಾಗೆ ಕೂತಿದ್ದವು. ಮಾಸ್ತರರು ಮುಂದೆ, ಟಾಂಗಾದವನ ಪಕ್ಕಕ್ಕೆ, ಸೊಟ್ಟಾದ ಗಾಲಿಯನ್ನು ತೊಡೆಯ ಮೇಲಿಟ್ಟುಕೊಂಡು.

"ಏನಾತ್ರೀ?"

"ಒಂದು ಎಡಕ್ಕ ಹೋತ್ರಿ, ಒಂದು ಬಲಕ್ಕ. ಶೇಷ ನಾ ಉಳದೆ."

ಮೊಣಕಾಲು ತರಚಿತ್ತು. ಅರಿಷಿಣ ಕೊಟ್ಟೆ. ನಂಜಾದರೆ? ದವಾಖಾನೆಗೆ ಹೋಗಿ ಸೂಜಿ ಮಾಡಿಸಿಕೊಳ್ಳಿರೆಂದೆ. ಬಡಿಸುವಾಗ ಮತ್ತೆ ಹೇಳಿದೆ. ಮಜ್ಜಿಗೆ ಹಾಕುವಾಗ ಮತ್ತೊಮ್ಮೆ. "ನೀವು ಹಿಂಗ ಕೇಳಕೋತ ಹ್ವಾದ್ರ ಗಾಯ ನಾಚಿ ತಾನ ಮಾಯತೈತಿ, ಬಿಡ್ರಿ" ಎಂದರು.

೨೩ ನವೆಂಬರ್

ನಾಯಿಗಳು ಇನ್ನಷ್ಟು ದಪ್ಪ. ಪೈಲ್ವಾನ ಕಟ್ಟೆ ಹತ್ತಲು ಎರಡು ಸಲ ವಿಚಾರ ಮಾಡುತ್ತಾನೆ.

ನಸುಕಿನಲ್ಲಿ ಒಲೆಯ ಮುಂದೆ ಕೂತಿದ್ದೆ. ಮಡಕಿಕಾಳು ಬೇಯಲು ಇಟ್ಟಿತ್ತು. ತಳ ಹತ್ತೀತೆಂದು ಮುಚ್ಚಳ ತೆಗೆದು ನೋಡುವುದು, ಮುಚ್ಚುವುದು, ಮತ್ತೆ ತೆಗೆಯುವುದು. ಅತ್ತೆ ಶಿವಲಿಂಗವ್ವ ಗೋಡೆಗೆ ಒರಗಿ ಲಿಂಗಪೂಜೆ ಮುಗಿಸಿದವರು ಕಣ್ಣು ತೆರೆದು ನೋಡಿದರು.

"ಏನ ದಾನವ್ವ, ಕಾಳಿನ ಮಾರಿ ನೋಡಿದ್ರ ಲಗೂ ಬೇಯತಾವೇನ?"

"ತಳ ಹತ್ತಿದ್ರ ಏನ ಮಾಡೂದ್ರಿ ಅತ್ತಿ?"

"ನಲವತ್ತ ವರ್ಷ ಕಾಳು ಬೇಯಿಸೇನಿ. ಮೂಗಿಲ್ಲೇನ ನನಗ? ವಾಸನಿ ಬಂದ್ರ ನೀರು ಹಾಕತೇನಿ. ನಾಯಿ ಓಡಿಸಾಕ ಹೊತ್ತಿಲ್ಲ ಹೊತ್ತಿಲ್ಲ ಅಂತ ಅಳತೀ. ದಿನಾ ಇಷ್ಟು ಹೊತ್ತು ಒಲಿ ಮುಂದ ಕುಂತು ಕಳೀತೀ. ಏಳ. ಕಾಳು ಬೇಯೂದರಾಗ ಕೆರಿತನಕ ಹೋಗಿ ಬಾ."

ಖರೆಯೇ. ಆದರೆ ಅತ್ತೆಗೆ ನಿದ್ದೆ ಹತ್ತಿದರೆ? ಕಿಡಿ ಹಾರಿದರೆ? ಇವತ್ತು ಹೋಗಲಿಲ್ಲ. ನಾಳೆ ನೋಡೋಣ.

೨೪ ನವೆಂಬರ್. ಬೆಳಿಗ್ಗೆ

ಹೋದೆ! ಉಣಕಲ್ ಕೆರೆಯ ಏರಿಯವರೆಗೆ. ನಡೆದೇ ಹೋದೆ, ನಡೆದೇ ಬಂದೆ. ಅರ್ಧ ದಾರಿಗೆ ಒಮ್ಮೆ ತಿರುಗಿ ಮನೆಯ ಕಡೆ ನೋಡಿದೆ. ಹೊಗೆ ಏಳುತ್ತಿತ್ತು. ಒಲೆಯದೋ, ಮನೆಯದೋ? ಒಲೆಯದೇ.

ಏರಿಯ ಮೇಲೆ ಮಂಜು. ನೀರೆಂಬುದು ಕಾಣಲೇ ಇಲ್ಲ. ಬಕಪಕ್ಷಿಯೊಂದು ಹಾರಿತು. ಬಿಜಲಿಯ ಕಿವಿ ನಿಮಿರಿತು. ಇಷ್ಟು ದಿನ ನೋಡಿರದ ಕಿವಿ.

ಹೊರಳುವಾಗ ಬಟ್ಟೆ ಗಿರಣಿಯ ಏಳು ಗಂಟೆಯ ಭೋಂಗಾ, ಪಾಳಿಯ ಸೈರನ್ನು, ಕೂಗಿತು. ಇದೇ ಛಲೋ ಆಯಿತು. ಕೈಗಡಿಯಾರ ಇಲ್ಲದವಳಿಗೆ ಗಡಿಯಾರ. ಭೋಂಗಾ ಆದರೆ ಹೊರಳುವುದು, ಮನೆ ಮುಟ್ಟಿದರೆ ರೊಟ್ಟಿಯ ಹೊತ್ತು. ರವಿವಾರ ಭೋಂಗಾ ಇಲ್ಲ, ಅಂದು ಊಟವೂ ತಡ. ಚಿಂತೆಯಿಲ್ಲ.

ಕಾಳು ಹದವಾಗಿ ಬೆಂದಿತ್ತು. ನಾನು ನೋಡುವಾಗ ಎಂದೂ ಅಷ್ಟು ಹದವಾಗಿ ಬೆಂದದ್ದಿಲ್ಲ. ಇದನ್ನು ಅತ್ತೆಗೆ ಹೇಳಲಿಲ್ಲ.

೧೨ ಡಿಸೆಂಬರ್

ಇಷ್ಟು ದಿನ ಬರೆದಿಲ್ಲ. ಬರೆಯಲು ಹೊತ್ತಿಲ್ಲ, ಎದ್ದ ಕೂಡಲೇ ಎರಡೂ ಸೆರಗು ಹಿಡಿದು ಎಳೆಯುತ್ತವೆ.

ಪಕ್ಕದ ಮನೆಯ ಗುಲ್ಜಾರಬಿಯೂ ಈಗ ಬರುತ್ತಾಳೆ. ಗಂಡ ಗಿರಣಿಗೆ ಹೊರಟ ಮೇಲೆ ಅವಳಿಗೆ ಕೆಲಸವಿಲ್ಲ. ಮೊದಲ ದಿನ ನನ್ನನ್ನು ಕತ್ತಲಲ್ಲಿ ಕಂಡು ಕಳ್ಳಿ ಎಂದುಕೊಂಡಳಂತೆ.

ಇವತ್ತು ಆದದ್ದು. ಏರಿಯ ಮೇಲೆ ಒಂದು ಮೊಲ. ಬಿಜಲಿ ಹಾರಿದಳು. ಹಗ್ಗ ನನ್ನ ಕೈಗೆ ಸುತ್ತಿತ್ತು. ಬಿಡಿಸಲು ಬಾರದು, ನಿಲ್ಲಲು ಬಾರದು. ಓಡಿದೆ. ಹಿಂದೆ ಪೈಲ್ವಾನ. ಅವನ ಹಿಂದೆ ಗುಲ್ಜಾರಬಿ, ಬುರ್ಖಾ ಎತ್ತಿ ಹಿಡಿದು, "ದಾನಕ್ಕಾ, ಬೀಳತೀಯಬೇ!" ಎಂದು.

ಬೀಳಲಿಲ್ಲ.

ಮೊಲ ಸಿಗಲಿಲ್ಲ, ಸಿಗದಿದ್ದುದೇ ಪುಣ್ಯ. ನಿಂತಾಗ ಎದೆ ಹಾರುತ್ತಿತ್ತು. ಆದರೆ ಹೆದರಿದಾಗ ಹಾರುತ್ತದಲ್ಲ, ಆ ತರಹ ಅಲ್ಲ. ನಗು ಬಂತು. ತಡೆಯಲು ಆಗಲಿಲ್ಲ. ಸಣ್ಣವಳಿದ್ದಾಗ ಕಡಲೆ ಹೊಲದಲ್ಲಿ ಓಡಿದ್ದೇ ಕಡೆ. ಗುಲ್ಜಾರಬಿ ಸೊಂಟ ಹಿಡಿದು ಕೂತಳು. "ಯಾ ಅಲ್ಲಾ, ನಾಯಿ ತಯಾರಾಗೂದರಾಗ ನಾವು ಸಾಯತೇವಿ." ಅದಕ್ಕೂ ನಗು.

ನಾಳೆಯಿಂದ ಗಂಡುಗಚ್ಚೆ ಹಾಕುವುದು. ರಸ್ತೆ ದಾಟಿದ ಮೇಲೆ. ಯಾರೂ ನೋಡದ ಹಾಗೆ.

೫ ಜನವರಿ ೧೯೬೫

ಚಿಂತೆ. ದಿನಾ ಓಡುತ್ತಿದ್ದೇವೆ. ನನ್ನ ಕುಪ್ಪಸ ಸಡಿಲಾಗಿದೆ, ಬಳೆ ಜಾರುತ್ತಿವೆ. ನಾಯಿಗಳು ಇದ್ದ ಹಾಗೇ ಇವೆ. ಇದೆಂಥ ನ್ಯಾಯ? ರೋಗವೇನಾದರೂ...

ಇವತ್ತು ಬಡಿಸುವಾಗ ಒಗ್ಗರಣೆ ಸೌಟು ಬಿತ್ತು, ಎತ್ತಲು ಬಗ್ಗಿದೆ. ಕಂಡಿತು. ಮಣೆಗಳ ಸಾಲಿನ ಹಿಂದೆ ಪೈಲ್ವಾನ ಒಬ್ಬೊಬ್ಬರ ಬೆನ್ನಿಗೂ ನಿಂತು ಮುಂದೆ ಸಾಗುತ್ತಾನೆ. ಒಬ್ಬೊಬ್ಬರ ಕೈಯೂ ಹಿಂದಕ್ಕೆ ಬರುತ್ತದೆ. ಕೈಯಲ್ಲಿ ರೊಟ್ಟಿ. ಪೋಸ್ಟಿನವರು ಅರ್ಧ. ಮಾಸ್ತರರು ಅರ್ಧ, ಅದರ ಮೇಲೆ ಶೇಂಗಾ ಹಿಂಡಿ. ಕಡೆಗೆ ಬಾಗಿಲ ಬಳಿ ಕೂತ ಅತ್ತೆ — ಇಡೀ ರೊಟ್ಟಿ, ಬೆಣ್ಣೆ ಹಚ್ಚಿ!

ಜೀವಮಾನದಲ್ಲಿ ಗಿರಾಕಿಗಳ ಮುಂದೆ ದನಿ ಎತ್ತಿದವಳಲ್ಲ. ಎತ್ತಿದೆ. "ನಾ ನಸುಕಿನಾಗ ಎದ್ದು ಸಾಯಾಕತ್ತೇನಿ, ನೀವೆಲ್ಲಾ ಕೂಡಿ ಇವನ್ನ ಚಕ್ಕಡಿ ಹತ್ತಸಾಕತ್ತೀರೇನ್ರಿ!"

ಎಲ್ಲರೂ ತಟ್ಟೆ ನೋಡಿದರು. ಅತ್ತೆ ಮಾತ್ರ ಅಳುಕಲಿಲ್ಲ. "ಉಣ್ಣೋರ ಮುಂದ ಕಣ್ಣು ಬಿಟಗೊಂಡು ನಿಂತ ಜೀವಕ್ಕ ತುತ್ತು ಹಾಕಬ್ಯಾಡ ಅಂತೀಯಾ? ಈ ಮನ್ಯಾಗ ಅಂಥಾ ರೂಢಿ ಇಲ್ಲವಾ."

"ಹಂಗಾದ್ರ ಕಾಕಾ ಒಯ್ಯಲೇನ್ರಿ?"

ಅತ್ತೆ ಕೋಲು ನೆಲಕ್ಕೆ ಕುಟ್ಟಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಇವತ್ತಿಂದ ತುತ್ತು ಹಾಕಿದವರು ಸುತ್ತು ಹಾಕಬೇಕು. ಯಾರು ನಾಯಿಗೆ ರೊಟ್ಟಿ ಕೊಡತೀರಿ, ಉಂಡ ಮ್ಯಾಲೆ ಅದನ್ನ ಹಿಡಕೊಂಡು ಓಣಿ ತುಂಬ ಒಂದ ಸುತ್ತ ಅಡ್ಡ್ಯಾಡಿ ಬರ್ರಿ. ನಂದೂ ಹಿಡದು."

ರಾತ್ರಿ ಊಟ ಮುಗಿದ ಮೇಲೆ ಓಣಿಯಲ್ಲಿ ಮೆರವಣಿಗೆ. ಮಾಸ್ತರರು, ಪೋಸ್ಟಿನವರು, ಕಡೆಗೆ ಬಿಜಲಿಯ ಹಗ್ಗ ಹಿಡಿದು ಅತ್ತೆ, ಇನ್ನೊಂದು ಕೈಯಲ್ಲಿ ಕೋಲು. ಬಾಗಿಲಿಗೆ ನಿಂತವರೆಲ್ಲ, "ಶಿವಲಿಂಗವ್ವಾರ, ಎಲ್ಲಿಗ್ರೀ?" "ರೊಟ್ಟಿ ಸಾಲ ತೀರಿಸಾಕವಾ!"

೨೫ ಜನವರಿ. ರಾತ್ರಿ

ನಾಳೆ ಸಾಲೆಯಲ್ಲಿ ಝೇಂಡಾ ಏರಿಸುತ್ತಾರೆ. ಮಾಸ್ತರರಿಗೆ ಎಂಟಕ್ಕೇ ಊಟ ಆಗಬೇಕು. ಕಾಳು ನೆನೆಹಾಕಿದೆ. ಹಿಟ್ಟು ಜರಡಿ ಹಿಡಿದಿಟ್ಟೆ. ಕಟ್ಟಿಗೆ ಒಳಗೆ ತಂದೆ. ಏನೂ ಮರೆತಿಲ್ಲ. ಏನೋ ಮರೆತಿದ್ದೇನೆ ಅನಿಸುತ್ತದೆ. ಅದು ದಿನಾ ಅನಿಸುತ್ತದೆ.

೨೬ ಜನವರಿ

ಮರೆತಿದ್ದೆ! ಝೇಂಡಾ ಎಂದರೆ ಗಿರಣಿಗೂ ಸೂಟಿ. ಸೂಟಿ ಎಂದರೆ ಭೋಂಗಾ ಇಲ್ಲ.

ಗುಲ್ಜಾರಬಿ ಬಂದಿರಲಿಲ್ಲ. ಗಂಡನಿಗೆ ಸೂಟಿ, ಹೆಂಡತಿಗೆ ನಿದ್ದೆ. ಮಂಜು ಬೇರೆ, ಹೊತ್ತು ಏರಿದ್ದು ಕಾಣಲಿಲ್ಲ. ಭೋಂಗಾ ಕೂಗಲಿ ಎಂದು ಓಡಿದೆವು, ಕೂತೆವು, ಮತ್ತೆ ಓಡಿದೆವು. ಇವತ್ತೆಷ್ಟು ಹೊತ್ತು ಸಿಕ್ಕಿತಪ್ಪಾ ಎಂದು ಹಿಗ್ಗುತ್ತಿದ್ದೆ, ಹುಚ್ಚಿ. ಸಾಲೆಯ ಹುಡುಗಿಯರು ಬಿಳಿ ಬಟ್ಟೆ ಹಾಕಿಕೊಂಡು ಏರಿಯ ಕೆಳಗೆ ಸಾಲಾಗಿ ಹೋಗುವುದು ಕಂಡಿತು. ಆಗ ಹೊಳೆಯಿತು.

ಊರೊಳಗೂ ಓಡಿದೆ. ಗಂಡುಗಚ್ಚೆಯಲ್ಲೇ. ರಸ್ತೆ ದಾಟಿದ್ದು ನೆನಪಿಲ್ಲ.

ಬಾಗಿಲಲ್ಲಿ ನಿಂತು ನೋಡುತ್ತೇನೆ — ಒಲೆಯ ಮುಂದೆ ಯಂಕಣ್ಣ ಮಾಸ್ತರರು, ಖಾದಿ ಅಂಗಿಯ ತೋಳು ಮಡಚಿ ರೊಟ್ಟಿ ಬಡಿಯುತ್ತಿದ್ದಾರೆ. ಪೋಸ್ಟಿನವರು ಹಂಚಿನ ಮೇಲೆ ನೀರು ಹಚ್ಚುತ್ತಿದ್ದಾರೆ. ಅತ್ತೆ ಕೋಲು ಹಿಡಿದು, "ತಿರವ್ರಿ, ತಿರವ್ರಿ, ಹೊತ್ತಾಕತ್ತೈತಿ!" ಒಂದೊಂದು ರೊಟ್ಟಿಯೂ ಒಂದೊಂದು ರಾಜ್ಯದ ನಕಾಶೆ.

"ತಪ್ಪಾತ್ರಿ..." ಎಂದೆ. ಅಳುವೇ ಬಂತು.

"ಏ, ಬಿಡ್ರಿ ದಾನವ್ವಾರ," ಎಂದರು ಮಾಸ್ತರರು. "ನಾವ ಬಡದ ರೊಟ್ಟಿ, ಇವತ್ತ ನಾಯಿಗೂ ಕೊಡೂದಿಲ್ಲ."

ಟೊಪ್ಪಿಗೆಯ ಮೇಲೆ ಹಿಟ್ಟು ಹಾಗೇ ಇಟ್ಟುಕೊಂಡು ಝೇಂಡಾಕ್ಕೆ ಹೋದರು.

ಇನ್ನು ಪ್ರತಿ ರಾತ್ರಿ ಗುಲ್ಜಾರಬಿಯನ್ನು ಕೇಳಿಯೇ ಮಲಗುವುದು. ನಾಳೆ ಭೋಂಗಾ ಇದೆಯೋ ಇಲ್ಲವೋ.

೧೮ ಫೆಬ್ರವರಿ

ಕಾಕಾ ಶನಿವಾರ ಹತ್ತಿ ತರುತ್ತಾನಂತೆ, ಹೇಳಿ ಕಳಿಸಿದ್ದಾನೆ. ರವಿವಾರ ಪರೀಕ್ಷೆ.

ಪಕ್ಕಡಿ ಎಲುಬು ಕಾಣುತ್ತಿವೆ. ಸೊಂಟ ಸಣ್ಣ. ಪೈಲ್ವಾನ ಕಟ್ಟೆಯನ್ನು ಹತ್ತುವುದಿಲ್ಲ, ಹಾರುತ್ತಾನೆ. ಎಲ್ಲ ಸರಿ. ಎಲ್ಲ ಸರಿ ಇದ್ದರೇ ನನಗೆ ಹೆಚ್ಚು ಹೆದರಿಕೆ. ಕಾಲಿಗೆ ಮುಳ್ಳು ನಟ್ಟರೆ? ಹೊಟ್ಟೆ ಕೆಟ್ಟರೆ? ಪಂಜ ತಿರುವಿ ತಿರುವಿ ನೋಡಿದೆ. ಬಿಜಲಿ ಬೇಸತ್ತು ಕೈ ನೆಕ್ಕಿದಳು.

೨೧ ಫೆಬ್ರವರಿ, ರವಿವಾರ. ರಾತ್ರಿ

ನಿಧಾನವಾಗಿ ಬರೆಯಬೇಕು.

ನಿನ್ನೆ ಹತ್ತಿ ಮಾರಾಟವಾಯಿತು. ಬೆಳಿಗ್ಗೆ ಕಾಕಾ ಖಾಲಿ ಚಕ್ಕಡಿ ಹೂಡಿಕೊಂಡೇ ಕೆರೆಗೆ ಹೊರಟ. ನಾಯಿಗಳಿಗೆಂದು ಅದರಲ್ಲಿ ಜೋಳದ ಕಣಿಕೆಯ ಹಾಸು. ಅತ್ತೆ ಆ ಹಾಸಿನ ಮೇಲೇ ಹತ್ತಿ ಕೂತರು. "ಬರೂವಾಗ ನಾನ ಕುಂತಿರತೇನಿ, ನಾಯಿಗೆ ಜಾಗಾ ಇರೂದಿಲ್ಲ, ನೋಡಕೋ" ಎಂದರು ಕಾಕಾಗೆ. ಮಾಸ್ತರರು, ಪೋಸ್ಟಿನವರು, ಗುಲ್ಜಾರಬಿ — ಎಲ್ಲ ಹಿಂದೆ. ತಮ್ಮದೇ ಪರೀಕ್ಷೆ ಎನ್ನುವ ಹಾಗೆ.

ಏರಿಯ ಕೆಳಗೆ ಕಡಲೆ ಕಿತ್ತ ಹೊಲ. ಕಾಕಾ ಪಕ್ಕಡಿ ಮುಟ್ಟಿದ, ಸೊಂಟ ಹಿಡಿದ. ಆಚೆ ಬದುವಿಗೆ ಹೋಗಿ ನಿಂತ. ಬಾಯಲ್ಲಿ ಬೆರಳಿಟ್ಟು ಸಿಳ್ಳೆ ಹೊಡೆದ. ಮರಿಗಳಿದ್ದಾಗ ಕಲಿಸಿದ್ದ ಅದೇ ಸಿಳ್ಳೆ.

ಹಗ್ಗ ಬಿಚ್ಚಿದೆ.

ಓಡಲಿಲ್ಲ.

ಎರಡೂ ನನ್ನ ಪಕ್ಕಕ್ಕೆ ನಿಂತವು. ಆ ಕಡೆ ಒಂದು, ಈ ಕಡೆ ಒಂದು. ಮತ್ತೆ ಸಿಳ್ಳೆ. ಬಿಜಲಿ ಕಿವಿ ಎತ್ತಿದಳು, ನನ್ನ ಮುಖ ನೋಡಿದಳು. ಪೈಲ್ವಾನ ಕೂತೇಬಿಟ್ಟ. "ಹೋಗ, ಹೋಗ" ಎಂದು ದೂಡಿದೆ. ಎರಡು ಹೆಜ್ಜೆ ಹೋಗಿ ಹೊಳ್ಳಿ ಬಂದವು.

ಆಚೆಯಿಂದ ಕಾಕಾ ಕೂಗಿದ. "ನೋಡಿದ್ಯಾ ದಾನವ್ವಾ? ಮೈ ಇಳಿಸೀದಿ, ಓಟ ಕಲಿಸಿಲ್ಲ!" ಬದುವಿನ ಗುಂಟ ಚಕ್ಕಡಿಯ ಕಡೆ ನಡೆಯತೊಡಗಿದ.

ಮೂರು ತಿಂಗಳು ದಿನಾ ಓಡಿದ್ದು ಎಲ್ಲಿ ಹೋಯಿತು? ಗುಲ್ಜಾರಬಿ ಬಂದು ತೋಳು ಹಿಡಿದು ಅಲ್ಲಾಡಿಸಿದಳು. "ದಾನಕ್ಕಾ, ಅವು ಯಾವಾಗರೆ ಒಂದ ದಿನ ನಿನ್ನ ಬಿಟ್ಟು ಓಡ್ಯಾವೇನ? ನೀ ನಿಂತೀದಿ, ಅವೂ ನಿಂತಾವ!"

ಖರೆ. ಹಗ್ಗ ಬಿಚ್ಚಿ ಎಂದೂ ಓಡಿಸಿರಲಿಲ್ಲ, ಎಲ್ಲಿ ಹೋದಾವೆಂಬ ಹೆದರಿಕೆಗೆ. ಅವು ಕಲಿತದ್ದು ನನ್ನ ಜೊತೆ ಓಡುವುದನ್ನು. ನನ್ನ ಕಾಲಿನಷ್ಟೇ ಓಡುವುದನ್ನು.

ಆದರೆ ಕಾಕಾನ ಮುಂದೆ? ಗಿರಾಕಿಗಳ ಮುಂದೆ? ಸೆರಗು ಹಿಡಿದುಕೊಂಡು ಅತ್ತೆಯ ಕಡೆ ನೋಡಿದೆ. ಅತ್ತೆ ಚಕ್ಕಡಿಯಲ್ಲಿ ಎದ್ದು ನಿಂತಿದ್ದರು. "ನನ್ನ ಮಾರಿ ಏನ ನೋಡತೀ? ಕಚ್ಚಿ ಬಿಗಿ! ಓಡ!"

ಬಿಗಿದೆ. ಓಡಿದೆ.

ಎರಡೂ ಎರಡು ಕಡೆ ಹೊಂದಿಕೊಂಡವು. ಅದೇ ಸಾಲು, ಅದೇ ಹೆಜ್ಜೆ. ಹೊಲದ ನಡುವಿಗೆ ಬಂದಾಗ ನನ್ನ ಉಸಿರು ಸಾಲದಾಯಿತು. ಇವು ನನಗಾಗಿ ತಡೆದುಕೊಂಡು ಓಡುತ್ತಿವೆ ಎಂದು ಆಗ ತಿಳಿಯಿತು. ಹೆಗಲು ನಡುಗುತ್ತಿದ್ದವು. ಎಷ್ಟು ದಿನದಿಂದ ತಡೆದುಕೊಂಡಿದ್ದವೋ. "ಹೋಗ್ರೋ!" ಎಂದು ಕಿರುಚಿದೆ. ಎರಡೂ ಕೈ ಮುಂದಕ್ಕೆ ಎಸೆದೆ. ಅಷ್ಟು ದೊಡ್ಡ ದನಿ ನನ್ನದೆಂದು ನನಗೇ ಗೊತ್ತಿರಲಿಲ್ಲ.

ಹೋದವು. ಏನೆಂದು ಬರೆಯಲಿ. ನೆಲ ಮುಟ್ಟಲಿಲ್ಲ. ಬೆನ್ನು ಬಿಲ್ಲಿನ ಹಾಗೆ ಬಾಗುವುದು, ಬಿಚ್ಚುವುದು, ಬಾಗುವುದು. ಮಣ್ಣು ಹಿಂದಕ್ಕೆ ಸಿಡಿಯಿತು. ಕಾಕಾ ಹೊರಳಿ ನೋಡುವಷ್ಟರಲ್ಲಿ ಪೈಲ್ವಾನ ಅವನ ಎದೆಗೆ ಹಾರಿದ್ದ. ಇಬ್ಬರೂ ಬದುವಿನ ಆಚೆ. ರುಮಾಲು ಬಿಜಲಿಯ ಬಾಯಲ್ಲಿ. ಅದನ್ನು ಕಚ್ಚಿಕೊಂಡು ಹೊಲವನ್ನು ಇನ್ನೊಂದು ಸುತ್ತು ಹಾಕಿದಳು, ಯಾರೂ ಕೇಳದಿದ್ದರೂ.

ಕಾಕಾ ಬಿದ್ದಲ್ಲೇ ನಗುತ್ತಿದ್ದ. ಕಣ್ಣಲ್ಲಿ ನೀರು. "ಏಯಪ್ಪಾ, ಬಿಡೋ, ಪಾಸು, ಪಾಸು!" ಎದ್ದು ಮಣ್ಣು ಕೊಡವಿಕೊಳ್ಳುತ್ತ ನನ್ನ ಮುಂದೆ ನಿಂತ. "ನಾಯಿ ನೋಡಾಕ ಬಂದಿದ್ದೆ. ನಮ್ಮಣ್ಣನ ಮಗಳು ಹಿಂಗ ಓಡತಾಳಂತ ಯಾರೂ ಹೇಳಿರಲಿಲ್ಲ ನೋಡ."

ತಲೆಯ ಮೇಲೆ ಸೆರಗೇ ಇರಲಿಲ್ಲ. ಆಗ ಎಳೆದುಕೊಂಡೆ.

ಚಕ್ಕಡಿ ಖಾಲಿ ಹೋಯಿತು. ಅತ್ತೆಯನ್ನು ಮನೆಯ ಮುಂದೆ ಇಳಿಸಿ. ರಾತ್ರಿ ಎಲ್ಲರಿಗೂ ಹೋಳಿಗೆ. ನಾಯಿಗಳಿಗೂ ಒಂದೊಂದು. ಸುತ್ತು ನಾನೇ ಹಾಕಿದೆ.

೨೨ ಫೆಬ್ರವರಿ. ನಸುಕು

ಕನಸಿಲ್ಲ. ಅಗಳಿ ನೋಡಲು ಎದ್ದೆನೋ ಇಲ್ಲವೋ, ನೆನಪಿಲ್ಲ. ಎದ್ದಿರಲಿಕ್ಕಿಲ್ಲ.

ಕಾಳು ಒಲೆಯ ಮೇಲೆ. ಅತ್ತೆ ತಮ್ಮ ಜಾಗದಲ್ಲಿ. ಇವತ್ತು ಏರಿಯ ಮೇಲೆ ಹಗ್ಗ ಬಿಚ್ಚಿ ಬಿಡಬೇಕೆಂದಿದ್ದೇನೆ. ಕಣ್ಣಿಗೆ ಕಾಣದಷ್ಟು ದೂರ ಹೋಗಿ ಬರಲಿ. ಬರುತ್ತವೆ. ಬಾರದೆ ಇರುತ್ತವೇನು?

ಪೈಲ್ವಾನ ಸೆರಗು ಎಳೆಯುತ್ತಿದ್ದಾನೆ, ಅಕ್ಷರ ಸೊಟ್ಟ. ಗುಲ್ಜಾರಬಿ ಗೋಡೆಯಾಚೆಯಿಂದ "ಬಾರಬೇ ದಾನಕ್ಕಾ" ಎಂದು ಕರೆಯುತ್ತಿದ್ದಾಳೆ. ಇವತ್ತು ಭೋಂಗಾ ಇದೆ ಎಂದು ರಾತ್ರಿಯೇ ಹೇಳಿದ್ದಾಳೆ. ಹೇಳಿದ್ದಾಳೆ, ಖರೆ... ಆದರೂ — ಗುಲ್ಜಾರಬೀ, ನಿನ್ನ ಗಂಡ ಹೊಸ್ತಿಲ ದಾಟೂದರಾಗ ಇನ್ನೊಮ್ಮಿ ಕೇಳಬೇ, ಇವತ್ತ ಭೋಂಗಾ ಖರೇನ ಐತೇನಂತ!